ಕಾಲ್ಬೆರಳಿಗೆ ತೊಟ್ಟಿಲ ಹಗ್ಗ

"ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯುತ್ತಾಳೆ, ಮಗುವೂ ಕಣ್ಣೆದುರಿಗೇ ಇರುತ್ತದೆ. ಹೆಣ್ಣುಮಗಳಿಗೆ ಇನ್ನೇನು ಬೇಕು?" ಈ ಮಾತನ್ನು ಮಾಲೀಕರು ಆಡಿದರೆ ಆಶ್ಚರ್ಯವಿಲ್ಲ. ಭಾನುವಾರದ ಆರಾಧನೆ ಮುಗಿಸಿ ಹೊರಬಂದ ನಮ್ಮ ಹಿರಿಯರೂ ಇದನ್ನೇ ಆಡುತ್ತಾರೆ. ಅದಕ್ಕಾಗಿ ಇದನ್ನು ಬರೆಯಬೇಕಾಯಿತು.

ದುಧನಿಯಲ್ಲಿ ರೈಲು ಹತ್ತಿ ಅಕ್ಕಲಕೋಟ ರೋಡ್ ದಾಟಿದರೆ ಸೊಲ್ಲಾಪುರ. ಅಲ್ಲಿ ಹತ್ತಾರು ಸಾವಿರ ಹೆಣ್ಣುಮಕ್ಕಳು ಬೀಡಿ ಕಟ್ಟಿ ಬದುಕುತ್ತಾರೆ. ಹೆಚ್ಚಿನವರು ತೆಲುಗು ಮನೆಮಾತಿನವರು, ಕನ್ನಡ ಮರಾಠಿಯವರೂ ಇದ್ದಾರೆ. ಅಂಥ ಒಂದು ಮನೆಗೆ ಹೋಗಿದ್ದೆವು. ಇದ್ದದ್ದು ಒಂದೇ ಕೋಣೆ. ತಾಯಿಯ ತೊಡೆಯ ಮೇಲೆ ಎಲೆ, ತಂಬಾಕು ತುಂಬಿದ ಮರ. ಜಂತಿಗೆ ಹಳೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದಳು. ಜೋಳಿಗೆಯ ಹಗ್ಗದ ಇನ್ನೊಂದು ತುದಿ ಅವಳ ಕಾಲ್ಬೆರಳಿಗೆ. ಕೈ ಬೀಡಿ ಸುತ್ತುತ್ತಿತ್ತು, ಕಾಲು ತೊಟ್ಟಿಲು ತೂಗುತ್ತಿತ್ತು. ಎರಡು ವರ್ಷದ ಹಿರಿಯ ಮಗುವನ್ನು ಸೀರೆಯ ಸೆರಗಿನಿಂದ ಮಂಚದ ಕಾಲಿಗೆ ಕಟ್ಟಿದ್ದಳು.

ನಮ್ಮ ಮುಖ ನೋಡಿ ಅವಳೇ ಹೇಳಿದಳು: "ಏನ್ ಮಾಡ್ಲಿ ಅಕ್ಕಾರ? ಬಿಟ್ರ ತಂಬಾಕದಾಗ ಕೈ ಹಾಕಿ ಬಾಯಾಗ ಇಟ್ಕೊತದ. ಕಟ್ಟಿದ್ರ ಅಳ್ತದ. ಎತ್ಕೊಂಡ್ರ ಬೀಡಿ ನಿಲ್ತಾವ."

ಲೆಕ್ಕ ಹಾಕಿ ನೋಡಿರಿ. ಬೀಡಿಯ ಮಜೂರಿ ಸಾವಿರದ ಲೆಕ್ಕ. ಎಂಟು ತಾಸಿನಲ್ಲಿ ಸಾವಿರ ಬೀಡಿ ಮುಗಿಯಬೇಕಾದರೆ ಒಂದು ಬೀಡಿಗೆ ಅರ್ಧ ನಿಮಿಷವೂ ಸಿಗುವುದಿಲ್ಲ. ಅಷ್ಟರಲ್ಲೇ ಎಲೆ ಕತ್ತರಿಸಬೇಕು, ತಂಬಾಕು ತುಂಬಬೇಕು, ಸುತ್ತಬೇಕು, ಬಾಯಿ ಮುಚ್ಚಬೇಕು, ದಾರ ಕಟ್ಟಬೇಕು. ಅಳುವ ಮಗುವನ್ನು ಹತ್ತು ನಿಮಿಷ ಎತ್ತಿಕೊಂಡರೆ ಇಪ್ಪತ್ತು ಬೀಡಿ ಹೋದವು. ಮುದ್ದಿಗೂ ಮಜೂರಿ ಕಡಿತವಾಗುವ ಕೆಲಸ ಇದು!

ಇಂಥ ತಾಯಿಗೆ ನಾವು ಕೊಡುವುದು ಬುದ್ಧಿಮಾತು. ಮಗುವಿನ ಮುಂದೆ ಪಾತ್ರೆ ಸೌಟು ಇಡು, ಚಿತ್ರದ ಪುಸ್ತಕ ಕೊಡು, ಮೋಶೆಯ ಕಥೆ ಹೇಳು, ಮೊಬೈಲು ಮಾತ್ರ ಕೊಡಬೇಡ ಎನ್ನುತ್ತೇವೆ. ಮಾತು ತಪ್ಪಲ್ಲ. ಆದರೆ ಕಥೆ ಹೇಳುವ ಹೊತ್ತಿನ ಮಜೂರಿ ಯಾರು ಕೊಡುತ್ತಾರೆ? ಮಗುವನ್ನು ಸುಮ್ಮನಿರಿಸುವ ಉಪಾಯ ತಾಯಿಗೆ ಗೊತ್ತಿಲ್ಲವೆಂದು ತಿಳಿಯಬೇಡಿರಿ. ಉಪಾಯಗಳು ನಮಗಿಂತ ಅವಳಿಗೇ ಹೆಚ್ಚು ಗೊತ್ತು. ಅವಳಿಗಿಲ್ಲದ್ದು ಮೂರನೆಯ ಕೈ.

ನೂರು ವರ್ಷದ ಹಿಂದೆ ಮುಂಬಯಿಯ ಗಿರಣಿ ಕೆಲಸದ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ಬೈದವರು ಬಹಳ ಮಂದಿ. ಗಿರಣಿಯಲ್ಲಿ ಶಿಶುಗೃಹ ತೆರೆಯಿರಿ ಎಂದವರು ಕಡಿಮೆ. ಕಡೆಗೆ 1948ರ ಕಾರ್ಖಾನೆ ಕಾಯಿದೆಯಲ್ಲಿ ಶಿಶುಗೃಹ ಕಡ್ಡಾಯವಾಯಿತು. ಬುದ್ಧಿಮಾತಿನಿಂದ ಆಗದಿದ್ದದ್ದಕ್ಕೆ ಕಾಯಿದೆ ಬೇಕಾಯಿತು. ಅಂದಿನ ಅಫೀಮಿನ ಜಾಗದಲ್ಲಿ ಇಂದು ಮೊಬೈಲು ಬಂದಿದೆ. ಬೈಗುಳವೂ ಅದೇ, ಬೈಸಿಕೊಳ್ಳುವವಳೂ ಅವಳೇ.

ಬೀಡಿ ಕೆಲಸಕ್ಕೂ 1966ರಲ್ಲಿ ಕಾಯಿದೆ ಬಂತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು, ನೋಡಿಕೊಳ್ಳಲು ತರಬೇತಿಯಾದ ಹೆಂಗಸು ಇರಬೇಕು ಎಂದು ಅದರಲ್ಲಿ ಬರೆದಿತ್ತು. ಆದರೆ ವಾಸದ ಮನೆಯನ್ನು ಆ ಕಾಯಿದೆ ಕೈಗಾರಿಕಾ ಸ್ಥಳವೆಂದು ಎಣಿಸಲಿಲ್ಲ. ಮಾಲೀಕರಿಗೆ ಅಷ್ಟೇ ಬಾಗಿಲು ಸಾಕಾಯಿತು. ದೇಶದ ಹಲವು ಕಡೆ ಕಾರ್ಖಾನೆ ಬರಿದಾಗಿ ಎಲೆ, ತಂಬಾಕು ಮನೆಮನೆಗೆ ಹೊರಟವು. ಮಾಲೀಕನಿಗೆ ಬಾಡಿಗೆ ಉಳಿಯಿತು, ದೀಪದ ಖರ್ಚು ಉಳಿಯಿತು, ಶಿಶುಗೃಹವೂ ಉಳಿಯಿತು. ಈ ಮೂರೂ ತಾಯಿಯ ತಲೆಗೆ ಬಂದವು. ಇದಕ್ಕೆ ನಾವಿಟ್ಟ ಹೆಸರು "ಮನೆಯಲ್ಲೇ ಕೂತು ದುಡಿಯುವ ಅನುಕೂಲ"!

ಮಂಗಳೂರಿನ ಬೀಡಿ ಮಾಲೀಕರು ಈ ಕಾಯಿದೆಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವಳೂ ಕಾಯಿದೆಯ ಕಣ್ಣಿಗೆ ಕಾರ್ಮಿಕಳೇ ಎಂಬುದು ನಿಂತಿತು. ಹಾಗಿದ್ದ ಮೇಲೆ ಅವಳ ಮಗು ಕಾರ್ಮಿಕಳ ಮಗುವಲ್ಲವೇ? ಈ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯಿದೆ ಅವುಗಳಲ್ಲಿ ಅಡಗಿತು. ಅಲ್ಲಿಯೂ ಶಿಶುಗೃಹಕ್ಕೆ ಐವತ್ತು ಜನರಿರುವ ಸಂಸ್ಥೆ ಎಂಬುದೇ ಅಳತೆ. ಐವತ್ತು ಮನೆಗಳಲ್ಲಿ ಚದುರಿ ಕೂತ ಐವತ್ತು ತಾಯಂದಿರು ಯಾರ ಲೆಕ್ಕಕ್ಕೂ ಐವತ್ತಾಗುವುದಿಲ್ಲ.

2020ರಲ್ಲಿ ಕೊರೋನಾ ಬಂದು ಆಫೀಸಿನವರೂ ಮನೆಯಲ್ಲಿ ಕೂತರು. ಮಗುವನ್ನಿಟ್ಟುಕೊಂಡು ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಆಗ ಎಲ್ಲೆಡೆ ಮಾತೇ ಮಾತು. ಅವರ ಕಷ್ಟ ಸುಳ್ಳಲ್ಲ. ಆದರೆ ಅವರ ತಿಂಗಳ ಸಂಬಳ ಮಗು ಅತ್ತಷ್ಟಕ್ಕೆ ಕಡಿತವಾಗಲಿಲ್ಲ. ಬೀಡಿ ಕಟ್ಟುವ ತಾಯಿ ಅದೇ ಕಷ್ಟವನ್ನು ಐವತ್ತು ವರ್ಷಗಳಿಂದ ಸಾವಿರದ ಲೆಕ್ಕದಲ್ಲಿ ಉಣ್ಣುತ್ತ ಬಂದಿದ್ದಾಳೆ.

"ಬೀಡಿ ಎಂದರೆ ತಂಬಾಕು, ವಿಷ. ವಿಶ್ವಾಸಿಗಳಿಗೆ ಅದರ ಗೊಡವೆ ಯಾಕೆ?" ಎಂದು ಕೆಲವರು ಕೇಳುತ್ತಾರೆ. ವಿಷವೆಂಬುದು ನಿಜ. ಅದಕ್ಕಾಗಿಯೇ ಆ ಕೋಣೆಯಿಂದ ಕೂಸು ಮೊದಲು ಹೊರಬರಬೇಕು. ಇನ್ನು ಇದು ಬೀಡಿಯೊಂದರ ಮಾತೂ ಅಲ್ಲ. ನಮ್ಮ ಕಡೆ ಖಡಕ್ ರೊಟ್ಟಿ ತಟ್ಟಿ ಮಾರುವವಳ ಮಗು ಒಲೆಯ ಮುಂದೆ ಅಂಬೆಗಾಲಿಡುತ್ತದೆ. ಹೊಲಿಗೆ ಯಂತ್ರ ತುಳಿಯುವವಳ ಮಗು ಸೂಜಿಯ ಪಕ್ಕ ಆಡುತ್ತದೆ.

ಸತ್ಯವೇದ ಈ ವಿಷಯದಲ್ಲಿ ಮೂಕವಾಗಿಲ್ಲ. ವಿಮೋಚನಕಾಂಡದ ಎರಡನೆಯ ಅಧ್ಯಾಯ ತೆರೆಯಿರಿ. ಜಂಬಿನ ಪೆಟ್ಟಿಗೆಯಲ್ಲಿ ಸಿಕ್ಕ ಮೋಶೆಯನ್ನು ಫರೋಹನ ಮಗಳು ಹೆತ್ತ ತಾಯಿಯ ಕೈಗೇ ಕೊಟ್ಟು, ಸಾಕುವುದಕ್ಕೆ ಸಂಬಳ ಗೊತ್ತುಮಾಡಿದಳು. ಮಗುವನ್ನು ನೋಡಿಕೊಳ್ಳುವುದು ಕೂಲಿಗೆ ತಕ್ಕ ಕೆಲಸವೆಂದು ಅರಮನೆಯ ಹುಡುಗಿಗೆ ತಿಳಿದಿತ್ತು. ಅದೇ ಪುಸ್ತಕದ ಐದನೆಯ ಅಧ್ಯಾಯದಲ್ಲಿ ಅವಳ ಮನೆತನದ ಅರಸನು ಹುಲ್ಲು ಕೊಡದೆ ಇಟ್ಟಿಗೆಯ ಲೆಕ್ಕ ಮಾತ್ರ ಕೇಳುತ್ತಾನೆ. ನಮ್ಮ ಮಾಲೀಕರು ಹಿಡಿದಿರುವುದು ಅರಸನ ದಾರಿ. ಯೇಸುಸ್ವಾಮಿಯ ಬಳಿಗೆ ಮಕ್ಕಳನ್ನು ತಂದವರನ್ನು ಗದರಿಸಿದವರು ಪರರಲ್ಲ, ಶಿಷ್ಯರೇ. ಸ್ವಾಮಿಯು ಸಿಟ್ಟಾದದ್ದೂ ಅವರ ಮೇಲೆಯೇ. ನಾವು ಆ ಶಿಷ್ಯರ ಸಾಲಿನಲ್ಲಿ ನಿಲ್ಲಬೇಕೇ?

ದಾರಿ ಇಲ್ಲವೆನ್ನಬೇಡಿರಿ. ಸೊಲ್ಲಾಪುರದ ಕಾರ್ಮಿಕರು ಹೋರಾಡಿ ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಹತ್ತು ಸಾವಿರ ಮನೆಗಳನ್ನು ಪಡೆದರು. 2006ರಲ್ಲಿ ಅವು ಬೀಡಿ ಕಾರ್ಮಿಕರ ಕೈಸೇರಿದವು. ಅಷ್ಟು ದೊಡ್ಡದು ಆಗಿದ್ದರೆ, ಗಲ್ಲಿಗೊಂದು ಮಕ್ಕಳ ಕೋಣೆ ಆಗದೇ? ಗಡಿಯಾಚೆ ಕರ್ನಾಟಕ ಸರ್ಕಾರ 2023ರಲ್ಲಿ ಉದ್ಯೋಗ ಖಾತರಿಯ ಕೂಲಿ ತಾಯಂದಿರ ಮಕ್ಕಳಿಗೆ ಪಂಚಾಯತಿಗಳಲ್ಲಿ "ಕೂಸಿನ ಮನೆ" ಆರಂಭಿಸಿತು. ಇನ್ನು ನಮ್ಮ ಸಭೆಗಳ ಮಾತು: ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಮೆರಿಕನ್ ಮರಾಠಿ ಮಿಷನ್ನಿನ ಮೇರಿ ಹಾರ್ಡಿಂಗ್ ಬಾಯಿಯವರು ಸೊಲ್ಲಾಪುರದಲ್ಲಿ ಶಿಶುವಿಹಾರ ನಡೆಸಿದರು. ಅಂಥ ಜಿಲ್ಲೆಯಲ್ಲಿ ಇಂದು ದೇವಾಲಯದ ಹಾಲಿಗೆ ವಾರದ ಆರು ದಿನ ಬೀಗ!

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಒಬ್ಬ ಮಾಲೀಕ ಅಥವಾ ಗುತ್ತಿಗೆದಾರನಿಗೆ ದುಡಿಯುವ ಎಲ್ಲ ಮನೆಗಳನ್ನೂ ಕೂಡಿಸಿ ಎಣಿಸಿರಿ. ಐವತ್ತಾದರೆ ಗಲ್ಲಿಯಲ್ಲೇ ಶಿಶುಗೃಹ, ಖರ್ಚು ಅವನದು. ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರ ಕಾಯಿದೆಯಂತೆ ಎತ್ತುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಅದಕ್ಕೆ ಸಮನಾದ ಹಣ ಮಕ್ಕಳ ಕೋಣೆಗೆ ಬರಲಿ. ಅಂಗನವಾಡಿ ಕೆಲವೇ ತಾಸಿಗೆ ಮುಚ್ಚದೆ ತಾಯಿಯ ಕೆಲಸದ ಹೊತ್ತಿಗೆ ತೆರೆದಿರಲಿ, ಅಲ್ಲಿ ದುಡಿಯುವ ಸಹೋದರಿಯರಿಗೆ ಹೆಚ್ಚಿನ ಹೊತ್ತಿಗೆ ಹೆಚ್ಚಿನ ವೇತನವೂ ಸಿಗಲಿ.

ಸರ್ಕಾರ ಕೊಡುವ ತನಕ ಕಾಯಬೇಕಿಲ್ಲ. ಸಭಾಪಾಲಕರೇ, ಹಿರಿಯರೇ, ಸೋಮವಾರ ಬೆಳಿಗ್ಗೆ ಹಾಲಿನ ಬೀಗ ತೆಗೆಯಿರಿ. ಒಂದು ಚಾಪೆ, ಕುಡಿಯುವ ನೀರು, ಸಂಬಳ ಕೊಟ್ಟು ನೇಮಿಸಿದ ಇಬ್ಬರು ಹೆಣ್ಣುಮಕ್ಕಳು, ಆರಂಭಕ್ಕೆ ಇಷ್ಟು ಸಾಕು. ಕಾಣಿಕೆಯ ಹಣ ಇದಕ್ಕಿಂತ ಒಳ್ಳೆಯ ಜಾಗಕ್ಕೆ ಹೋಗಲಾರದು.

ಆ ತಾಯಿಯ ಕಾಲ್ಬೆರಳಿನ ಹಗ್ಗವನ್ನು ಅವಳೊಬ್ಬಳೇ ಬಿಚ್ಚಲಾರಳು, ಅವಳ ಎರಡೂ ಕೈ ಬೀಡಿಯಲ್ಲಿವೆ. ನಮ್ಮ ಕೈಗಳು ಖಾಲಿ ಇವೆಯಲ್ಲ?