ಟ್ರೆಂಡ್ ಅಲ್ಲ ಸ್ವಾಮಿ, ದರಪಟ್ಟಿ

ಡಿಸೆಂಬರ್ ಬಂತು ಅಂದರೆ ಆಫೀಸಿನಲ್ಲಿ ನನ್ನ ಪಾಲಿಗೆ ಒಂದು ಪಿಪಿಟಿ ಗ್ಯಾರಂಟಿ. ‘ಬರುವ ವರ್ಷದ ಸೋಷಿಯಲ್ ಮೀಡಿಯಾ ಟ್ರೆಂಡ್‌ಗಳು’. ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಅದನ್ನು ತಯಾರಿಸೋದು ಹೇಗೆ ಅಂತ ಇವತ್ತು ಹೇಳಿಬಿಡುತ್ತೇನೆ. ದೊಡ್ಡ ಪ್ಲಾಟ್‌ಫಾರಂಗಳು ಆ ವರ್ಷ ಜಾಹೀರಾತುದಾರರಿಗೆ ಏನೇನು ಹೊಸದಾಗಿ ಬಿಟ್ಟವು ಅಂತ ನೋಡೋದು. ಅದರ ಪಕ್ಕ ‘ಭವಿಷ್ಯ’ ಅಂತ ಬರೆಯೋದು. ಒಂದು ರಾಕೆಟ್ ಚಿತ್ರ ಅಂಟಿಸೋದು. ಅಷ್ಟೇ. ಪಂಚಾಂಗ ಬರೆಯುವವರಾದರೂ ಗ್ರಹಗತಿ ಲೆಕ್ಕ ಹಾಕುತ್ತಾರೆ, ನಾವು ಅದನ್ನೂ ಮಾಡುವುದಿಲ್ಲ.

ಹಾಗಾಗಿ ನನ್ನ ತಕರಾರು ನನ್ನ ಕಸುಬಿನ ಮೇಲೆಯೇ. ಜನರ ಅಭಿರುಚಿ ಬದಲಾಗುತ್ತಿದೆ ಅಂತ ನಾವು ಹೇಳುವುದೆಲ್ಲ ಬಹುಪಾಲು ಬುರುಡೆ. ಅಂಗಡಿಯವನು ಮುಂದಿನ ವರ್ಷ ಯಾವುದಕ್ಕೆ ದುಡ್ಡು ಕಟ್ಟಬೇಕು ಅನ್ನುವ ದರಪಟ್ಟಿಗೆ ನಾವು ಟ್ರೆಂಡ್ ಅಂತ ಹೆಸರಿಟ್ಟಿದ್ದೇವೆ. ಪಟ್ಟಿ ಬರೆಯುವವರು ಕ್ಯಾಲಿಫೋರ್ನಿಯಾದಲ್ಲಿ ಕೂತಿದ್ದಾರೆ, ಇಲ್ಲಿ ಡಂಗುರ ಸಾರುವವರು ನಾವು.

ಹಳೆಯ ಟ್ರೆಂಡ್‌ಗಳನ್ನು ಒಮ್ಮೆ ತಿರುವಿ ಹಾಕಿ ನೋಡಿ. 2012ರ ಸುಮಾರಿಗೆ ಎಲ್ಲರ ಬಾಯಲ್ಲೂ ಒಂದೇ ಮಂತ್ರ: ಫೇಸ್‌ಬುಕ್ ಪೇಜ್ ಮಾಡಿ, ಲೈಕ್ ಕೂಡಿಸಿ. ಆಗ ಪೇಜಿನಲ್ಲಿ ಹಾಕಿದ ಒಂದು ಪೋಸ್ಟ್, ಲೈಕ್ ಒತ್ತಿದ ನೂರು ಜನರಲ್ಲಿ ಸರಾಸರಿ 16 ಮಂದಿಗೆ ಪುಕ್ಕಟೆ ತಲುಪುತ್ತಿತ್ತು. 2014ರ ಫೆಬ್ರವರಿಯಲ್ಲಿ ಒಗಿಲ್ವಿ ಜಾಹೀರಾತು ಸಂಸ್ಥೆಯವರು ನೂರಕ್ಕೂ ಹೆಚ್ಚು ಬ್ರ್ಯಾಂಡ್ ಪೇಜ್‌ಗಳ ಲೆಕ್ಕ ತೆಗೆದಾಗ ಅದು 6ಕ್ಕೆ ಇಳಿದಿತ್ತು. 2018ರ ಜನವರಿಯಲ್ಲಿ ಜುಕರ್‌ಬರ್ಗ್ ಖುದ್ದಾಗಿ ಹೇಳಿದರು: ಇನ್ನು ಗೆಳೆಯರು, ಮನೆಯವರ ಪೋಸ್ಟ್‌ಗಳಿಗೆ ಆದ್ಯತೆ, ವ್ಯಾಪಾರಿಗಳದ್ದು ಕಡಿಮೆ ಕಾಣಿಸುತ್ತದೆ. ಅಂದರೆ ನೀವೇ ಕೂಡಿಸಿಟ್ಟ ಗಿರಾಕಿಗಳ ಮನೆ ಬಾಗಿಲಿಗೆ ಹೋಗಲು ನೀವೇ ಟೋಲ್ ಕಟ್ಟಬೇಕು.

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಲಕ್ಷಗಟ್ಟಲೆ ಫಾಲೋವರ್ಸ್ ಕಟ್ಟಿಕೊಂಡಿದ್ದ ಹುಡುಗ ಹುಡುಗಿಯರು ಬೆಳಗಾಗುವುದರಲ್ಲಿ ಶೂನ್ಯ. ನಿಷೇಧ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಎರಡು ವಾರ ಕಳೆಯುವುದರೊಳಗೆ ಇನ್‌ಸ್ಟಾಗ್ರಾಂ ನಮ್ಮಲ್ಲಿ ರೀಲ್ಸ್ ಶುರು ಮಾಡಿತು. ಆ ವರ್ಷದ ನನ್ನ ಪಿಪಿಟಿಯಲ್ಲಿ ಮೊದಲ ಟ್ರೆಂಡ್ ಯಾವುದಿತ್ತು ಅಂತ ಬೇರೆ ಹೇಳಬೇಕಾ?

ವಾಟ್ಸಾಪ್ ಕಥೆ ಇನ್ನೂ ಚೆನ್ನಾಗಿದೆ. ಅದನ್ನು ಕಟ್ಟಿದವರು, ನಾವು ಜಾಹೀರಾತು ಯಾಕೆ ಮಾರುವುದಿಲ್ಲ ಎಂದು 2012ರಲ್ಲಿ ತಮ್ಮ ಬ್ಲಾಗಿನಲ್ಲಿ ವಿವರವಾಗಿ ಬರೆದಿದ್ದರು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡುಕೊಂಡಿತು. 2025ರ ಜೂನ್‌ನಲ್ಲಿ, ಸ್ಟೇಟಸ್ ನೋಡುವ ಜಾಗದಲ್ಲಿ ಇನ್ನು ಜಾಹೀರಾತೂ ಇರುತ್ತದೆ ಎಂಬ ಪ್ರಕಟಣೆ ಬಂತು. ಚಿಕ್ಕಮ್ಮನ ಮಗಳ ಸೀಮಂತದ ಫೋಟೊ ಮುಗಿಯುತ್ತಿದ್ದಂತೆ ಪರ್ಸನಲ್ ಲೋನ್. ಇದೂ ಟ್ರೆಂಡೇ, ನಮ್ಮ ಭಾಷೆಯಲ್ಲಿ ‘ಕಾನ್ವರ್ಸೇಷನಲ್ ಮಾರ್ಕೆಟಿಂಗ್’.

ಈಗ ಮುಂದಿನದ್ದು. ವ್ಯಾಪಾರಿಗಳು ತಮಗೇನು ಬೇಕು ಅಂತ ಹೇಳಿ ಬ್ಯಾಂಕ್ ಖಾತೆ ಜೋಡಿಸಿದರೆ ಸಾಕು, ಚಿತ್ರ ಬೇಡ, ಬರಹ ಬೇಡ, ಯಾರಿಗೆ ತೋರಿಸಬೇಕು ಅನ್ನುವ ಚಿಂತೆಯೂ ಬೇಡ, ಫಲಿತಾಂಶದ ಲೆಕ್ಕವನ್ನೂ ನಾವೇ ಕೊಡುತ್ತೇವೆ ಎಂಬರ್ಥದ ಮಾತನ್ನು ಜುಕರ್‌ಬರ್ಗ್ 2025ರ ಒಂದು ಸಂದರ್ಶನದಲ್ಲಿ ಆಡಿದ್ದಾರೆ. ಎಲ್ಲ ಎಐ ನೋಡಿಕೊಳ್ಳುತ್ತದೆ. ಮೆಟಾದ ಎಐ ಜೊತೆ ನಾವು ಆಡುವ ಮಾತುಗಳನ್ನು ಜಾಹೀರಾತು ಹೊಂದಿಸಲು ಬಳಸುವ ನೀತಿಗೂ 2025ರ ಡಿಸೆಂಬರ್ 16ರ ದಿನಾಂಕ ಕೊಟ್ಟಿದ್ದರು. ಬ್ಯಾಂಕ್ ಖಾತೆಯ ಮಾತು ಕೇಳಿ ನಮ್ಮ ಆಫೀಸಿನಲ್ಲಿ ಚಪ್ಪಾಳೆ ತಟ್ಟಿದವರಿದ್ದಾರೆ. ಸರಕು ಅವರದ್ದು, ತಕ್ಕಡಿಯೂ ಅವರದ್ದು, ಈಗ ನಿಮ್ಮ ಜೇಬಿಗೆ ಕೈಹಾಕುವ ಕೆಲಸವೂ ಅವರದ್ದೇ. ಸಂತೆಯಲ್ಲಿ ಹೀಗೆ ಯಾರಾದರೂ ಕೇಳಿದ್ದರೆ ನಮ್ಮಮ್ಮ ಬುಟ್ಟಿ ಎತ್ತಿಕೊಂಡು ಹೊರಟುಬಿಡುತ್ತಿದ್ದರು.

‘ನಿನ್ನ ಕೆಲಸ ಹೋಗುತ್ತೆ ಅಂತ ಅಳ್ತಿದ್ದೀಯ ಕಣೋ’ ಅಂದ ಗೆಳೆಯನೊಬ್ಬ. ಹೌದು, ಅದೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ನನಗೆ ನಿದ್ದೆ ಕೆಡಿಸಿದ್ದು ಅದಲ್ಲ.

ಹನುಮಂತನಗರದಲ್ಲಿ ನಮ್ಮ ಮನೆ ಹತ್ತಿರ ಒಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಗೊಜ್ಜವಲಕ್ಕಿ ಪುಡಿ. ಯಜಮಾನರಿಗೆ ಅರವತ್ತು ದಾಟಿದೆ. ನಾನು ಅಂಕಲ್ ಅನ್ನುತ್ತೇನೆ, ಅವರು ‘ಏನಪ್ಪಾ ಕಂಪ್ಯೂಟರ್ರು’ ಅನ್ನುತ್ತಾರೆ. ಗಲ್ಲಾಪೆಟ್ಟಿಗೆ ಪಕ್ಕ ಎಣ್ಣೆ ಕಲೆಯ ಒಂದು ಉದ್ದನೆ ನೋಟ್‌ಬುಕ್ ಇರುತ್ತಿತ್ತು. ಗೋಕುಲಾಷ್ಟಮಿಗೆ ಯಾರ ಮನೆಗೆ ಎಷ್ಟು ಕೆಜಿ ಚಕ್ಕುಲಿ, ಯಾರಿಗೆ ಖಾರ ಕಡಿಮೆ, ಎಲ್ಲ ಫೋನ್ ನಂಬರ್ ಸಮೇತ.

‘ಅಂಕಲ್, ಇದೆಲ್ಲ ಹಳೇ ಕಾಲ. ಪೇಜ್ ಮಾಡೋಣ, ಎಲ್ಲಾರೂ ಅಲ್ಲಿಗೇ ಬರ್ತಾರೆ’ ಅಂದವನು ನಾನು. ದುಡ್ಡು ತಗೊಳ್ಳದೆ ಮಾಡಿಕೊಟ್ಟೆ. ಚೆನ್ನಾಗಿಯೇ ಓಡಿತು. ಎರಡು ವರ್ಷದಲ್ಲಿ ಹನ್ನೊಂದು ಸಾವಿರ ಫಾಲೋವರ್ಸ್. ಬೋರ್ಡಿನಲ್ಲಿ ಫೋನ್ ನಂಬರ್ ಅಳಿಸಿ ಪೇಜಿನ ಹೆಸರು ಬರೆಸಿದೆವು. ನೋಟ್‌ಬುಕ್ ಬರೆಯೋದು ನಿಂತೇಹೋಯಿತು.

ಮೂರನೇ ಶ್ರಾವಣ. ಅಷ್ಟಮಿಗೆ ಎಂಟು ದಿನ ಇರುವಾಗ ಅಕೌಂಟ್ ಲಾಕ್. ಯಾವ ಪ್ಲಾಟ್‌ಫಾರಂ ಅಂತ ಹೆಸರು ಹೇಳುವುದಿಲ್ಲ. ನಿಯಮ ಮೀರಿದ್ದೀರಿ ಎಂದಿತ್ತು, ಯಾವ ನಿಯಮ ಅಂತ ಇರಲಿಲ್ಲ. ಬಂದಿದ್ದ ಆರ್ಡರುಗಳೆಲ್ಲ ಒಳಗೇ ಸಿಕ್ಕಿಹಾಕಿಕೊಂಡವು. ನಾನು ಫಾರಂ ತುಂಬಿದೆ, ಮಷೀನು ಉತ್ತರ ಕೊಟ್ಟಿತು. ಮತ್ತೆ ತುಂಬಿದೆ, ಅದೇ ಉತ್ತರ. ಅಕ್ಕಿಹಿಟ್ಟು ಬೀಸಿಸಿ ಆಗಿತ್ತು, ಎಣ್ಣೆ ಡಬ್ಬಗಳು ಸಾಲದಲ್ಲಿ ಬಂದಿಳಿದಿದ್ದವು. ಅಂಕಲ್ ನನ್ನ ಮೇಲೆ ರೇಗಲಿಲ್ಲ. ಒಂದೇ ಮಾತು ಕೇಳಿದರು: ‘ಅವರ ಆಫೀಸು ಎಲ್ಲಿದೆ ಹೇಳಪ್ಪಾ, ಹೋಗಿ ಮಾತಾಡ್ಕೊಂಡು ಬರ್ತೀನಿ.’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಬ್ಬ ಕಳೆದು ಹದಿನೈದು ದಿನಕ್ಕೆ ಅಕೌಂಟ್ ತಾನೇ ತೆರೆದುಕೊಂಡಿತು, ಕಾರಣ ಕೊಡದೆ.

ಹಾಗಂತ ರೀಲ್ಸ್ ಬಿಟ್ಟು ಪಾಂಪ್ಲೆಟ್ ಹಂಚಿ ಅನ್ನುತ್ತಿಲ್ಲ. ಜಾಹೀರಾತಿಗೆ ದುಡ್ಡು ಕೊಡೋದು ತಪ್ಪಲ್ಲ. ಪೇಪರಿಗೂ ಕೊಡುತ್ತಿದ್ದೆವು. ಆದರೆ ಪೇಪರಿನವರು ನಮ್ಮ ಗಿರಾಕಿಗಳ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿರಲಿಲ್ಲ. ಸ್ವಂತ ಹೆಸರಿನ ಒಂದು ಚಿಕ್ಕ ವೆಬ್‌ಸೈಟ್, ಗಿರಾಕಿಯ ಒಪ್ಪಿಗೆ ಕೇಳಿ ಬರೆದುಕೊಂಡ ನಂಬರ್, ಹಬ್ಬಕ್ಕೊಂದೇ ಮೆಸೇಜ್. ಇದು ಯಾರ ಪಿಪಿಟಿಯಲ್ಲೂ ಇರುವುದಿಲ್ಲ, ಯಾಕೆಂದರೆ ಇದರಲ್ಲಿ ಏಜೆನ್ಸಿಗೆ ಕಮಿಷನ್ ಹುಟ್ಟುವುದಿಲ್ಲ. ನಾನೂ ಒಂಬತ್ತು ವರ್ಷ ಹಾಕಿರಲಿಲ್ಲ.

ಈ ಸಲ ಮೊದಲ ಸ್ಲೈಡೇ ಅದು: ‘ನಾಳೆ ಬೆಳಗ್ಗೆ ನಿಮ್ಮ ಪೇಜ್ ಮುಚ್ಚಿದರೆ, ಎಷ್ಟು ಗಿರಾಕಿಗಳಿಗೆ ನೀವು ಫೋನ್ ಮಾಡಬಲ್ಲಿರಿ?’ ಬಾಸ್ ನೋಡಿ, ‘ಕ್ಲೈಂಟ್ ಹೆದರ್ಕೋತಾರೆ, ತೆಗೀರಿ’ ಅಂದರು. ಇನ್ನೂ ತೆಗೆದಿಲ್ಲ. ಸೋಮವಾರ ಮೀಟಿಂಗ್ ಇದೆ.