ಘಟ್ಟದ ಮೇಲಿನವರು

ದೀಪಾವಳಿ ಕಳೆಯಿತೆಂದರೆ ತಿಕೋಟಾ, ಬಬಲೇಶ್ವರಗಳ ಕಡೆಯ ತಾಂಡಾಗಳಿಂದ ಕಬ್ಬು ಕಡಿಯುವ ಟೋಳಿಗಳು ಮುಂಗಡ ಹಣ ಪಡೆದು ಸಾಂಗಲಿ, ಕೊಲ್ಹಾಪುರಗಳ ಹಾದಿ ಹಿಡಿಯುವದನ್ನೂ, ಕೆಲವರು ಗಂಟುಮೂಟೆ ಕಟ್ಟಿಕೊಂಡು ಗೋವೆಗೆ ಇಳಿಯುವದನ್ನೂ ವಾಚಕರು ಬಲ್ಲರು. ನಮ್ಮಲ್ಲಿ ಇದಕ್ಕೆ ಗುಳೆ ಎನ್ನುವರು. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ತಿಂಗಳುಗಳ ಗೈರುಹಾಜರಿಯನ್ನು ಎಣಿಸಿಯೇ ನಾವು ಮಳೆ ಹೇಗಾಯಿತೆಂಬುದನ್ನು ತಿಳಿಯುತ್ತಿದ್ದೆವು.

೧೯೬೧ರಲ್ಲಿ ವಿಮೋಚನೆಗೊಂಡ ಮೇಲೆ ಗೋವೆಯಲ್ಲಿ ಎದ್ದ ಕಟ್ಟಡಗಳಿಗೂ ರಸ್ತೆಗಳಿಗೂ ನಮ್ಮವರ ಬೆವರು ಬಹಳ ಸಂದಿದೆ. ಆದರೂ ಅಲ್ಲಿ ಅವರಿಗೆ ದೊರೆತ ಹೆಸರು ‘ಘಾಟಿ’. ಘಟ್ಟದ ಮೇಲಿನವನೆಂಬ ನಿರ್ದೋಷವಾದ ಶಬ್ದವು ಬೈಗಳಾಗಿ ಪರಿಣಮಿಸಿದೆ! ೨೦೧೫ರಲ್ಲಿ ವಾಸ್ಕೋದ ಬೈನಾ ಸಮುದ್ರದಂಡೆಯ ಮನೆಗಳನ್ನು ಅಕ್ರಮವೆಂದು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಅನೇಕರು. ಮನೆ ಕಾಯಿದೆಗೆ ವಿರುದ್ಧವಾಗಿದ್ದಿರಬಹುದು. ಆದರೆ ಸಂವಿಧಾನದ ೧೯ನೆಯ ವಿಧಿಯು ದೇಶದ ಯಾವ ಭಾಗದಲ್ಲಾದರೂ ನೆಲಸುವ ಹಕ್ಕನ್ನು ಪ್ರತಿ ನಾಗರಿಕನಿಗೂ ಕೊಟ್ಟಿದೆ.

ಪರದೇಶದ ಗಡಿ ದಾಟುವವರ ಮಾತು ಬೇರೆ. ಅಲ್ಲಿ ರಹದಾರಿ ಬೇಕು. ಅದನ್ನು ಕೇಳುವದು ಸರಕಾರದ ಕರ್ತವ್ಯ. ಆದರೂ ಅಮೇರಿಕೆಯ ವೃತ್ತಾಂತವನ್ನು ನೋಡಿರಿ. ಮಹಾಯುದ್ಧದಲ್ಲಿ ಆಳುಗಳು ಸಾಲದಾಗಲು ಆ ದೇಶವು ೧೯೪೨ರಲ್ಲಿ ಒಪ್ಪಂದ ಮಾಡಿಕೊಂಡು ಮೆಕ್ಸಿಕೋದ ಬಡ ರೈತರನ್ನು ತನ್ನ ಹೊಲಗಳಿಗೆ ಕರೆಸಿತು. ೧೯೬೪ರವರೆಗೆ ಸುಮಾರು ೪೬ ಲಕ್ಷ ಕರಾರುಪತ್ರಗಳಾದವು. ನಡುವೆ, ೧೯೫೪ರಲ್ಲಿ, ಕಾಗದವಿಲ್ಲದೆ ಬಂದವರನ್ನು ಹಿಡಿಹಿಡಿದು ಗಡಿಯಾಚೆ ಅಟ್ಟಿತು. ಅವರನ್ನು ದುಡಿಸಿಕೊಂಡ ಹೊಲದೊಡೆಯನಿಗೋ, ೧೯೫೨ರ ಅಲ್ಲಿಯ ಕಾಯಿದೆಯೇ ರಕ್ಷೆಯಾಗಿತ್ತು.

‘ಅವರು ಬಲು ಕಷ್ಟಸಹಿಷ್ಣುಗಳು’ ಎಂಬ ಹೊಗಳಿಕೆಯನ್ನು ನಾವು ಸಂಶಯದಿಂದಲೇ ಕೇಳುತ್ತೇವೆ. ಅದು ಬಹುಮಟ್ಟಿಗೆ ಕೂಲಿಯನ್ನು ಇಳಿಸುವವನ ಬಾಯಿಂದ ಬರುವದು. ಹಗಲಿರುಳು ಕಬ್ಬು ಕಡಿಸುವದು ಕುಲದ ಗುಣವಲ್ಲ, ಮುಂಗಡದ ಸಾಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಹೊಲಗಳ ಒಕ್ಕಲಿಗನು ಈಗ ತನ್ನ ದ್ರಾಕ್ಷಿಯ ಪಡದಲ್ಲಿಯೇ ಅಷ್ಟೇ ದುಡಿಯುತ್ತಾನೆ. ಅವನನ್ನು ಯಾರೂ ಕಷ್ಟಸಹಿಷ್ಣುವೆನ್ನುವದಿಲ್ಲ, ಸಾಹುಕಾರನೆನ್ನುವರು.

ಇತ್ತ ವಿಜಯಪುರ ನಗರದಲ್ಲಿ ಫರಸಿ ಹಾಸಲು, ಬಣ್ಣ ಬಳಿಯಲು ಬಿಹಾರ, ಉತ್ತರ ಪ್ರದೇಶಗಳ ಹುಡುಗರು ಬಂದಿರುವರು. ಗೃಹಸ್ಥರು ಅವರ ಗುರುತಿನ ಚೀಟಿ ಕೇಳುವದು ತಪ್ಪಲ್ಲ. ಕೂಲಿ ಕೊಡುವಾಗ ‘ನಾಳೆ ಬಾ’ ಎನ್ನುವದು ತಪ್ಪು. ನಮ್ಮ ಓಣಿಯ ಗೃಹಸ್ಥರೊಬ್ಬರು ಮೊನ್ನೆ ಅಂಥ ಇಬ್ಬರಿಗೆ ‘ಹೊರಗಿನವರಿಗೆ ಖೋಲಿ ಕೊಡುವದಿಲ್ಲ’ ಎಂದು ಬಾಗಿಲು ಹಾಕಿಕೊಂಡರು. ಅವರ ಸ್ವಂತ ತಮ್ಮನು ಇಪ್ಪತ್ತು ವರುಷಗಳಿಂದ ವಾಸ್ಕೋದಲ್ಲಿ ಬಾಡಿಗೆಯ ಮನೆಯಲ್ಲಿರುವನು.