ಕಾರಿನ ವಿಮಾಪತ್ರವನ್ನು ಓದಬೇಡವೆ?

ಕಾರಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವ, ಟೈರುಗಳ ಒತ್ತಡವನ್ನು ತಪ್ಪದೆ ಅಳೆಯಿಸುವ ಎಚ್ಚರಿಕೆಯ ಜನರೂ ಅದರ ವಿಮಾಪತ್ರವನ್ನು ಮಾತ್ರ ಓದುವುದಿಲ್ಲ. ಅವಧಿ ಮುಗಿಯುವ ದಿನ ಕಂತು ಕಟ್ಟಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಇದು ಸರಿಯಲ್ಲವೆಂಬುದೇ ನನ್ನ ವಾದ. ವಿಮೆಯು ಸಂಭವನೀಯತೆಯ ಗಣಿತದ ಮೇಲೆ ನಿಂತ ವ್ಯವಸ್ಥೆ. ಆದಕಾರಣ ಅದನ್ನು ಪರಿಶೀಲಿಸಲು ಗಣಿತ ಕಲಿಯುತ್ತಿರುವ ಮನೆಯ ವಿದ್ಯಾರ್ಥಿಗಳೇ ಯೋಗ್ಯರು.

ಪರಿಶೀಲನೆ ಯಾವಾಗ? ಪ್ರತಿವರ್ಷವೂ ನವೀಕರಣಕ್ಕೆ ಒಂದು ತಿಂಗಳು ಮುಂಚೆ. ಕಾರಿಗೆ ಅನಿಲದ ಕಿಟ್ಟನ್ನು ಜೋಡಿಸಿದಾಗ. ಹಳೆಯ ಕಾರನ್ನು ಕೊಂಡಾಗ. ಕೊಂಡವನು 14 ದಿನಗಳೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಕೊಡುವಂತೆ ಅರ್ಜಿ ಸಲ್ಲಿಸಬೇಕು.

ಹೇಗೆ? ಮೊದಲು, ವಿಮೆ ಯಾವುದಕ್ಕೆಂದು ನೋಡಿರಿ. 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯಗೊಳಿಸಿರುವುದು ಪರರಿಗಾಗುವ ಹಾನಿಯ ವಿಮೆಯನ್ನು ಮಾತ್ರ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಈ ವಿಮೆಯನ್ನು ಮೂರು ವರ್ಷಗಳಿಗೆ ಒಮ್ಮೆಲೇ ಮಾಡಿಸಬೇಕಾಗಿದೆ. ಆದರೆ ನಮ್ಮ ಕಾರಿಗಾಗುವ ಹಾನಿಯ ವಿಮೆ ಒಂದೇ ವರ್ಷದ್ದಾಗಿದ್ದರೆ, ಅದು ಮೊದಲ ವರ್ಷದ ಕೊನೆಗೇ ಮುಗಿದಿರುತ್ತದೆ.

ಎರಡನೆಯದು ರಿಯಾಯಿತಿ. ಸ್ವಂತ ಹಾನಿಯ ವಿಮೆಯಲ್ಲಿ ಪರಿಹಾರ ಕೇಳದ ವರ್ಷಗಳಿಗೆ ಅನುಕ್ರಮವಾಗಿ ಶೇಕಡಾ 20, 25, 35, 45, 50ರ ರಿಯಾಯಿತಿಯುಂಟು. ಮೂಲ ಕಂತು 10,000 ರೂಪಾಯಿಯೆಂದೂ ಅದು ಬದಲಾಗದೆಂದೂ ಇಟ್ಟುಕೊಳ್ಳೋಣ. ಶೇಕಡಾ 50ನ್ನು ಮುಟ್ಟಿದವನು 5,000 ರೂಪಾಯಿ ಕಟ್ಟುತ್ತಾನೆ. ಬಾಗಿಲಿನ ಗೀರಿಗಾಗಿ ಅವನು 3,000 ರೂಪಾಯಿ ಪಡೆದನೆನ್ನಿ. ರಿಯಾಯಿತಿಯನ್ನು ಕಾಯುವ ಸೇರ್ಪಡೆ ಇಲ್ಲದಿದ್ದರೆ ಅದು ಶೂನ್ಯಕ್ಕಿಳಿಯುತ್ತದೆ. ಮುಂದಿನ ಐದು ವರ್ಷಗಳಲ್ಲಿ ಅವನು ಕ್ರಮವಾಗಿ 5,000, 3,000, 2,500, 1,500, 500, ಒಟ್ಟು 12,500 ರೂಪಾಯಿಯನ್ನು ಹೆಚ್ಚಾಗಿ ತೆರುತ್ತಾನೆ! ಗೀರನ್ನು ಕೈಯಿಂದಲೇ ಸರಿಪಡಿಸಿಕೊಳ್ಳುವುದು ಲಾಭವಲ್ಲವೆ?

ಮೂರನೆಯದು ನೀರಿನ ಭಯ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಭಾಗಗಳು ಜಲಾವೃತವಾದುವು. ಅನಿಲವನ್ನು ಸುಲಭವಾಗಿ ಸಂಕುಚಿಸಬಹುದು, ನೀರನ್ನಾದರೋ ಸಂಕುಚಿಸುವುದು ಅಸಾಧ್ಯಪ್ರಾಯ. ಸಿಲಿಂಡರಿನೊಳಗೆ ನೀರು ಹೊಕ್ಕಿರುವಾಗ ಎಂಜಿನ್ನನ್ನು ಚಾಲೂ ಮಾಡಿದರೆ, ಮೇಲೇರುವ ಪಿಸ್ಟನ್ನಿಗೆ ದಾರಿಯಿಲ್ಲದೆ ಅದನ್ನು ತಳ್ಳುವ ದಂಡವೇ ಬಾಗೀತು. ಸಮಗ್ರ ವಿಮೆಯಲ್ಲಿ ನೆರೆಹಾನಿ ಸೇರಿದ್ದರೂ, ಹೀಗೆ ಚಾಲೂ ಮಾಡಿದುದರಿಂದ ಎಂಜಿನ್ನಿಗಾದ ಹಾನಿಯನ್ನು ಕಂಪೆನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯೆಂಬ ಪ್ರತ್ಯೇಕ ಸೇರ್ಪಡೆ ಬೇಕು. ತಗ್ಗಿನಲ್ಲಿ ಕಾರು ನಿಲ್ಲಿಸುವವರಿಗೆ ಇದು ಅಗತ್ಯ. ಗುಡ್ಡದ ಮೇಲಿನ ಮನೆಯವರು ಯೋಚಿಸಿ ಕೊಳ್ಳಲಿ.

ಕೊನೆಯದಾಗಿ, ಕಂತು ಇಳಿಯಲೆಂದು ಕಾರಿನ ಘೋಷಿತ ಬೆಲೆಯನ್ನು ತಗ್ಗಿಸುವುದು ಅವಿವೇಕ. ಕಾರು ಕಳವಾದಾಗ ಕೈಗೆ ಬರುವ ಹಣವನ್ನು ನಿರ್ಧರಿಸುವುದು ಆ ಬೆಲೆಯೇ.

ಇವೆಲ್ಲಕ್ಕೂ ಮೂಲತತ್ತ್ವವೊಂದೇ: ತಾಳಲಾಗದ ನಷ್ಟವನ್ನು ಹಲವರೊಡನೆ ಹಂಚಿಕೊಳ್ಳಬೇಕು, ತಾಳಬಹುದಾದುದನ್ನು ತಾನೇ ಹೊರಬೇಕು. ಈ ರಜೆಯಲ್ಲಿ ಮನೆಯ ವಿಮಾಪತ್ರವನ್ನು ತೆರೆದು, ಹಿರಿಯರೊಡನೆ ಕುಳಿತು ಲೆಕ್ಕ ಹಾಕಿರಿ. ಪರೀಕ್ಷೆಗಾಗಿ ಕಲಿತ ಶೇಕಡಾವಾರು ಗಣಿತಕ್ಕೆ ಇದಕ್ಕಿಂತ ಸಾರ್ಥಕವಾದ ಪ್ರಯೋಗ ಬೇರೆ ಯಾವುದಿದ್ದೀತು?